ಲ್ಯಾಪ್‌ಟಾಪಿಗೆ 27 ಇಂಚಿನ ಮಾನಿಟರು: ಒತ್ತಕ್ಷರ ಮಸುಕಾಗುವುದು ಏಕೆ?

ಕರಡು ತಿದ್ದುವವ, ಉಡುಪಿ

ಎಲ್ಲರಿಗೂ ನಮಸ್ಕಾರ. ಕುಂಜಿಬೆಟ್ಟಿನ ನಮ್ಮ ಹಳೆಯ ಹಂಚಿನ ಮನೆಯ ಚಾವಡಿಯಲ್ಲಿ ಕುಳಿತು ಯಕ್ಷಗಾನ ಪ್ರಸಂಗಗಳ ಹಾಗೂ ದೇವಸ್ಥಾನಗಳ ಸ್ಮರಣ ಸಂಚಿಕೆಗಳ ಕರಡು ತಿದ್ದುವುದು ನನ್ನ ಜೀವನೋಪಾಯ. ತುಳುನಾಡಿನ ಪತ್ತನಾಜೆಯ ದಿನ ಕಳೆದು ಮೇಳಗಳು ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಹೊಸ ಪ್ರಸಂಗಗಳ ಪ್ರತಿಗಳು ಒಂದರ ಹಿಂದೊಂದು ಬರತೊಡಗುತ್ತವೆ. ಇಷ್ಟು ವರ್ಷ 14 ಇಂಚಿನ ಲ್ಯಾಪ್‌ಟಾಪಿನ ಪರದೆಯಲ್ಲೇ ಈ ಕೆಲಸ ಸಾಗುತ್ತಿತ್ತು. ವಯಸ್ಸು ಐವತ್ತು ದಾಟಿ, ಮೂಗಿನ ಮೇಲೆ ಪ್ರೊಗ್ರೆಸಿವ್ ಕನ್ನಡಕ ಏರಿದ ಮೇಲೆ ಅದು ಕಷ್ಟವಾದ ಕಾರಣ, ಕಳೆದ ವಾರ 27 ಇಂಚಿನ 4ಕೆ ಮಾನಿಟರೊಂದನ್ನು ಕೊಂಡೆ. ಕೊಂಡ ದಿನದಿಂದ ನೆಮ್ಮದಿ ಇಲ್ಲ.

ನನ್ನ ಲ್ಯಾಪ್‌ಟಾಪು ತೆಳ್ಳಗಿನದು. ಅದರಲ್ಲಿ ಎಚ್‌ಡಿಎಂಐ ಪೋರ್ಟ್ ಇಲ್ಲ, ಎರಡು ಟೈಪ್‌-ಸಿ ಪೋರ್ಟ್‌ಗಳು ಮಾತ್ರ ಇವೆ, ಎರಡರಲ್ಲೂ ಚಾರ್ಜ್ ಆಗುತ್ತದೆ. ಹಾಗಾಗಿ ಮನೆಯಲ್ಲಿದ್ದ, ಒಂದು ಪೋರ್ಟನ್ನು ಹಲವಾಗಿ ಕವಲೊಡೆಸುವ ಯುಎಸ್‌ಬಿ ಹಬ್ಬೊಂದನ್ನು ಟೈಪ್‌-ಸಿಗೆ ಚುಚ್ಚಿ, ಅದರಿಂದ ಟಿವಿಯ ಸೆಟ್‌ಟಾಪ್ ಪೆಟ್ಟಿಗೆಗೆ ಬಳಸುತ್ತಿದ್ದ ಹಳೆಯ ಎಚ್‌ಡಿಎಂಐ ಕೇಬಲ್ಲನ್ನು ಮಾನಿಟರಿಗೆ ಕೊಟ್ಟಿದ್ದೇನೆ. ರೆಸಲ್ಯೂಶನ್ನನ್ನು, ಅಂದರೆ ಚಿತ್ರದ ಚುಕ್ಕಿಗಳ ಎಣಿಕೆಯನ್ನು, 4ಕೆಯ ಪೂರ್ಣ ಅಳತೆಯಾದ 3840×2160ಕ್ಕೆ ಇಟ್ಟರೆ ಮೌಸಿನ ಬಾಣ ಕೆಸರಿನಲ್ಲಿ ಎಳೆದಂತೆ ತಡವರಿಸುತ್ತದೆ, ಕಪ್ಪು ಅಕ್ಷರಗಳು ಬೂದಿ ಬಣ್ಣಕ್ಕೆ ತಿರುಗುತ್ತವೆ, ಅಕ್ಷರಗಳೋ ಸಾಸಿವೆ ಕಾಳಿನಷ್ಟಾಗುತ್ತವೆ. 2560×1440ಕ್ಕೆ ಇಳಿಸಿದರೆ ಮೌಸು ಸರಾಗವಾಗಿ ಓಡುತ್ತದೆ, ಕಪ್ಪು ಕಪ್ಪಾಗಿಯೇ ಕಾಣುತ್ತದೆ, ಗಾತ್ರವೂ ಹಿತವಾಗುತ್ತದೆ. ಆದರೆ ಎಲ್ಲದರ ಮೇಲೆ ತೆಳುವಾದ ಮಂಜು ಹರಡಿದಂತಿರುತ್ತದೆ. ದಕಾರ, ಧಕಾರ, ಥಕಾರಗಳನ್ನು ಬೇರ್ಪಡಿಸುವುದು ಹೊಟ್ಟೆಯಲ್ಲಿನ ಒಂದು ಸೀಳು, ಒಂದು ಚುಕ್ಕಿ. ಆ ಚುಕ್ಕಿಯೇ ಕಾಣದಿದ್ದರೆ ನಾನು ಯಾವ ಕರಡು ತಿದ್ದಲಿ? ಮೊನ್ನೆ ಭಾಮಿನಿ ಷಟ್ಪದಿಯ ಪದ್ಯವೊಂದರಲ್ಲಿ 'ರಥ' ಎಂಬುದು 'ರಧ' ಆಗಿ ಅಚ್ಚಿಗೆ ಹೋಗುವುದರಲ್ಲಿತ್ತು.

ಇನ್ನೂ ಎರಡು ಸಂಗತಿಗಳಿವೆ. ಲ್ಯಾಪ್‌ಟಾಪಿನ ಮುಚ್ಚಳ ಹಾಕಿದರೆ ಮಾನಿಟರೂ ನಿದ್ದೆ ಹೋಗುತ್ತದೆ. ಬರಿಗಾಲಿನಲ್ಲಿ ಕುಳಿತಾಗ ಲ್ಯಾಪ್‌ಟಾಪಿನ ಲೋಹದ ಅಂಚನ್ನು ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ, ಮಾನಿಟರು ಜೋಡಿಸಿದ ಮೇಲೂ ಅದು ಕಡಿಮೆಯಾಗಿಲ್ಲ. ಅಂಗಡಿಯವರು ಮಾನಿಟರನ್ನು ಹಿಂದೆ ಪಡೆಯಲು ಹತ್ತು ದಿನಗಳ ಅವಕಾಶ ಕೊಟ್ಟಿದ್ದಾರೆ, ಅದರಲ್ಲಿ ನಾಲ್ಕು ಉಳಿದಿವೆ. ಹಿಂದಿರುಗಿಸುವುದೇ ಒಳ್ಳೆಯದೇ ಎಂದು ತಿಳಿದವರು ದಯವಿಟ್ಟು ಹೇಳಬೇಕು.

ಮಣಿಪಾಲದ ಗುಡ್ಡೆಯಿಂದ

ದಯವಿಟ್ಟು ಹಿಂದಿರುಗಿಸಬೇಡಿ. ನಿಮ್ಮ ವಿವರಣೆಯಲ್ಲೇ ಉತ್ತರ ಅಡಗಿದೆ: 3840ರಲ್ಲಿ ತಡವರಿಸುವ ಮೌಸು 2560ರಲ್ಲಿ ಸರಾಗವಾಗಿ ಓಡುತ್ತದೆ ಎಂದರೆ, ಮಾನಿಟರೂ ಲ್ಯಾಪ್‌ಟಾಪೂ ಆರೋಗ್ಯವಾಗಿವೆ, ಅವೆರಡರ ನಡುವಿನ ದಾರಿ ಇಕ್ಕಟ್ಟಾಗಿದೆ ಎಂದು ಅರ್ಥ.

ಲೆಕ್ಕ ಮಾಡಿ ನೋಡೋಣ. 3840ನ್ನು 2160ರಿಂದ ಗುಣಿಸಿದರೆ ಸುಮಾರು 83 ಲಕ್ಷ ಚುಕ್ಕಿಗಳಾಗುತ್ತವೆ. ಅಷ್ಟನ್ನೂ ಸೆಕೆಂಡಿಗೆ 60 ಸಲ, ಚುಕ್ಕಿಯೊಂದಕ್ಕೆ 24 ಬಿಟ್ ಬಣ್ಣದ ಲೆಕ್ಕದಲ್ಲಿ ಸಾಗಿಸಬೇಕಾದರೆ ಸೆಕೆಂಡಿಗೆ ಹತ್ತಿರ ಹತ್ತಿರ 1200 ಕೋಟಿ ಬಿಟ್ ಹರಿಯಬೇಕು. ಎಚ್‌ಡಿಎಂಐ 1.4 ಎಂಬ ಹಳೆಯ ಆವೃತ್ತಿಯ ದಾರಿಯಲ್ಲಿ ಚಿತ್ರಕ್ಕೆಂದು ಸಿಗುವುದು ಸುಮಾರು 816 ಕೋಟಿ ಬಿಟ್ ಮಾತ್ರ. ಆದ್ದರಿಂದ ಯಂತ್ರಗಳು ಪರಸ್ಪರ ಮಾತಾಡಿಕೊಂಡು, ಸೆಕೆಂಡಿಗೆ 60ರ ಬದಲು 30 ಚಿತ್ರ ಸಾಕು ಎಂದು ಒಪ್ಪಂದಕ್ಕೆ ಬರುತ್ತವೆ. ಸಿನಿಮಾ ನೋಡುವವರಿಗೆ ಇದು ಗೊತ್ತೇ ಆಗುವುದಿಲ್ಲ. ಮೌಸು ಹಿಡಿದವರಿಗೆ ಮಾತ್ರ, ಚಿತ್ರದಿಂದ ಚಿತ್ರಕ್ಕೆ 33 ಮಿಲಿಸೆಕೆಂಡ್ ಅಂತರ ಬೀಳುವುದರಿಂದ, ಬಾಣ ಕೈಗಿಂತ ಹಿಂದೆ ಉಳಿದಂತೆ ಅನಿಸುತ್ತದೆ. 2560×1440ಕ್ಕೆ ಬೇಕಾದ ಹರಿವು ಇದರ ಅರ್ಧಕ್ಕೂ ಕಡಿಮೆ ಇರುವ ಕಾರಣ ಅದು ಪೂರ್ತಿ 60ರಲ್ಲೇ ಓಡುತ್ತದೆ. ವಿಂಡೋಸಿನ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇ ಎಂದು ಹೋದರೆ, ಮಾನಿಟರಿಗೆ ನಿಜವಾಗಿ ತಲುಪುತ್ತಿರುವ ಸಂಕೇತ ಯಾವುದು ಎಂಬ ವಿವರ ಒಂದೇ ಕಡೆ ಸಿಗುತ್ತದೆ. 3840ರಲ್ಲಿಟ್ಟು ನೋಡಿ, ಅಲ್ಲಿ 30 ಹರ್ಟ್ಸ್ (ಸೆಕೆಂಡಿಗೆ 30 ಚಿತ್ರ) ಎಂದೇ ಇರುತ್ತದೆ ಎಂದು ಪಂಥ ಕಟ್ಟುತ್ತೇನೆ.

ಎಲ್ಲರೂ ಮೊದಲು ಕೇಬಲ್ಲನ್ನು ದೂರುತ್ತಾರೆ. ನನ್ನ ಸಂಶಯ ಹಬ್ಬಿನ ಮೇಲೆ. ಟೈಪ್‌-ಸಿ ಕೇಬಲ್ಲಿನೊಳಗೆ ವೇಗದ ದಾರಿಗಳು ನಾಲ್ಕಿವೆ. ಪೆನ್‌ಡ್ರೈವ್, ಹಾರ್ಡ್‌ಡಿಸ್ಕ್ ಎಲ್ಲವನ್ನೂ ಚುಚ್ಚಬಹುದಾದ ಸಾಮಾನ್ಯ ಹಬ್ಬುಗಳು ಅವುಗಳಲ್ಲಿ ಎರಡನ್ನು ಯುಎಸ್‌ಬಿಗೆ ಮೀಸಲಿಟ್ಟು, ಉಳಿದ ಎರಡನ್ನು ಮಾತ್ರ ಚಿತ್ರಕ್ಕೆ ಬಿಡುತ್ತವೆ. ಟೈಪ್‌-ಸಿಯೊಳಗೆ ಚಿತ್ರ ಸಾಗಿಸುವ ಡಿಸ್‌ಪ್ಲೇಪೋರ್ಟ್ ಎಂಬ ವ್ಯವಸ್ಥೆ ನಿಮ್ಮ ಲ್ಯಾಪ್‌ಟಾಪಿನಲ್ಲಿ ಹಳೆಯ 1.2 ಆವೃತ್ತಿಯದ್ದಾಗಿದ್ದರೆ ಆ ಎರಡು ದಾರಿಗಳಲ್ಲಿ ಹರಿಯುವುದು 864 ಕೋಟಿ ಬಿಟ್ ಅಷ್ಟೇ. ಮುಂದೆ ನೀವು ಎಷ್ಟು ದುಬಾರಿ ಕೇಬಲ್ಲು ಹಾಕಿದರೂ 4ಕೆಯಲ್ಲಿ 30ರ ಮೇಲೆ ಏರದು. ಇನ್ನು ಹಬ್ಬಿನ ಡಬ್ಬಿಯ ಮೇಲೆ ದೊಡ್ಡದಾಗಿ '4ಕೆ' ಎಂದು ಅಚ್ಚಿಸಿ, '30 ಹರ್ಟ್ಸ್' ಎಂಬುದನ್ನು ಮೂಲೆಯಲ್ಲಿ ಇರುವೆ ಗಾತ್ರದಲ್ಲಿ ಅಚ್ಚಿಸುವ ವ್ಯಾಪಾರವಂತೂ ಇದ್ದದ್ದೇ.

ಆದ್ದರಿಂದ ಹಬ್ಬನ್ನು ಚಿತ್ರದ ದಾರಿಯಿಂದ ಪೂರ್ತಿ ತೆಗೆಯಿರಿ. ಒಂದು ತುದಿಯಲ್ಲಿ ಟೈಪ್‌-ಸಿ, ಇನ್ನೊಂದು ತುದಿಯಲ್ಲಿ ಡಿಸ್‌ಪ್ಲೇಪೋರ್ಟ್ ಇರುವ ಕೇಬಲ್ಲು ಮಂಗಳೂರಿನ ಹಂಪನಕಟ್ಟೆಯ ಅಂಗಡಿಗಳಲ್ಲೂ ಆನ್‌ಲೈನಿನಲ್ಲೂ ಸಿಗುತ್ತದೆ. ಎರಡು ಮೀಟರಿಗಿಂತ ಉದ್ದದ್ದು ಬೇಡ. ಅದನ್ನು ಒಂದು ಟೈಪ್‌-ಸಿಗೆ ನೇರವಾಗಿ ಚುಚ್ಚಿದರೆ ನಾಲ್ಕೂ ದಾರಿಗಳು ಚಿತ್ರಕ್ಕೇ ಸಿಗುತ್ತವೆ, 1.2ರದ್ದಾದರೂ 4ಕೆ 60 ಹರ್ಟ್ಸಿಗೆ ಧಾರಾಳವಾಗಿ ಸಾಕು. ಎರಡನೆಯ ಟೈಪ್‌-ಸಿಯಲ್ಲಿ ಹಬ್ಬು ಇರಲಿ, ಚಾರ್ಜರನ್ನು ಹಬ್ಬಿನ ಮೂಲಕ ಕೊಡಿ, ಮೌಸು ಕೀಲಿಮಣೆಗಳು ಅಲ್ಲೇ ಇರಲಿ. ಎಲ್ಲ ಟೈಪ್‌-ಸಿ ಪೋರ್ಟ್‌ಗಳಲ್ಲೂ ಚಿತ್ರ ಹೊರಬರುವುದಿಲ್ಲ ಎಂಬುದು ನಿಜ, ಆದರೆ ಹಬ್ಬಿನ ಮೂಲಕ ಈಗಾಗಲೇ ಚಿತ್ರ ಬರುತ್ತಿರುವುದರಿಂದ ಆ ಪೋರ್ಟಿನ ಬಗ್ಗೆ ನಿಮಗೆ ಚಿಂತೆಯಿಲ್ಲ. ಹೊಸ ಕೇಬಲ್ಲನ್ನು ಅದಕ್ಕೇ ಹಾಕಿ.

ಮುಚ್ಚಳದ ವಿಷಯ ಸುಲಭ. ಕಂಟ್ರೋಲ್ ಪ್ಯಾನೆಲಿನ ಪವರ್ ಆಪ್ಶನ್ಸ್‌ನಲ್ಲಿ, ಮುಚ್ಚಳ ಹಾಕಿದಾಗ ಏನು ಮಾಡಬೇಕು ಎಂಬ ಕಡೆ 'ಡೂ ನಥಿಂಗ್' ಎಂದು ಆರಿಸಿ. ಚಾರ್ಜರು ಹಾಕಿರುವ ಸ್ಥಿತಿಗೆ ಮಾತ್ರ ಹಾಗೆ ಮಾಡಿ, ಬ್ಯಾಟರಿಯ ಸಾಲನ್ನು ಮುಟ್ಟಬೇಡಿ. ಇಲ್ಲವಾದರೆ ಲ್ಯಾಪ್‌ಟಾಪು ಎಚ್ಚರವಾಗಿಯೇ ಚೀಲದೊಳಗೆ ಹೋಗಿ ಅಲ್ಲೇ ಬೇಯುತ್ತದೆ.

ಬಿಜೈಯ ಪುಟವಿನ್ಯಾಸಕಿ

ಮೇಲಿನವರು ಹೇಳಿದ್ದು ಸರಿ, ಆದರೆ ಕೇಬಲ್ಲು ಬದಲಿಸಿದ ಮಾತ್ರಕ್ಕೆ ನಿಮ್ಮ ಒತ್ತಕ್ಷರಗಳು ಸರಿಹೋಗಲಾರವು. ನೀವು ಅಕ್ಷರ ದೊಡ್ಡದಾಗಲಿ ಎಂದು ರೆಸಲ್ಯೂಶನ್ ಇಳಿಸಿದ್ದೀರಿ. ಮಂಜು ಕವಿಯುವುದು ಅಲ್ಲಿಂದಲೇ. ಪರದೆಯಲ್ಲಿ ಅಡ್ಡಸಾಲಿಗೆ 3840 ಚುಕ್ಕಿಗಳು ಗಾಜಿನೊಳಗೆ ಕೂತುಬಿಟ್ಟಿವೆ. ಅದಕ್ಕೆ 2560 ಚುಕ್ಕಿಗಳ ಚಿತ್ರ ಕೊಟ್ಟರೆ ಒಂದು ಚುಕ್ಕಿಯನ್ನು ಒಂದೂವರೆ ಚುಕ್ಕಿಯ ಮೇಲೆ ಹರಡಬೇಕಾಗುತ್ತದೆ. ಅರ್ಧ ಚುಕ್ಕಿ ಎಂಬುದು ಇಲ್ಲವಾದ ಕಾರಣ ಮಾನಿಟರು ಅಕ್ಕಪಕ್ಕದ ಬಣ್ಣಗಳನ್ನು ಕಲಸಿ ಹಚ್ಚುತ್ತದೆ. ಇಂಗ್ಲಿಷ್ ಅಕ್ಷರಗಳು ಈ ಕಲಸಾಟವನ್ನು ಹೇಗೋ ತಾಳಿಕೊಳ್ಳುತ್ತವೆ. ಕನ್ನಡದಲ್ಲಿ ಪಕಾರದ ಹೊಟ್ಟೆಗೆ ಒಂದು ಗೆರೆ ಎಳೆದರೆ ಷಕಾರ, ಕೆಳಗೆ ಒತ್ತು, ಮೇಲೆ ತಲೆಕಟ್ಟು, ಪಕ್ಕದಲ್ಲಿ ದೀರ್ಘ, ಹೀಗೆ ಒಂದೇ ಅಕ್ಷರದಲ್ಲಿ ಇಷ್ಟೊಂದು ಸೂಕ್ಷ್ಮಗಳಿರುವಾಗ ಮೊದಲು ಕರಗಿ ಹೋಗುವುದು ಒತ್ತಕ್ಷರ.

ರೆಸಲ್ಯೂಶನ್ ಸದಾ 3840×2160 ಇರಲಿ. ಗಾತ್ರವನ್ನು ಸೆಟ್ಟಿಂಗ್ಸ್‌ನ ಡಿಸ್‌ಪ್ಲೇ ಪುಟದ 'ಸ್ಕೇಲ್' ಎಂಬಲ್ಲಿ 150 ಪ್ರತಿಶತಕ್ಕೆ ಏರಿಸಿ. ಆಗ ಅಕ್ಷರವು ಈಗ 2560ರಲ್ಲಿ ಕಾಣುತ್ತಿರುವಷ್ಟೇ ದೊಡ್ಡದಾಗಿರುತ್ತದೆ, ಆದರೆ ಅದನ್ನು ಬಿಡಿಸಲು ಎರಡೂಕಾಲು ಪಟ್ಟು ಚುಕ್ಕಿಗಳು ಬಳಕೆಯಾಗುತ್ತವೆ. ನಿಮ್ಮ ಲ್ಯಾಪ್‌ಟಾಪು 1920×1080ರದ್ದಾಗಿದ್ದರೆ ಇನ್ನೊಂದು ಅನುಕೂಲವೂ ಇದೆ. 27 ಇಂಚಿನ 4ಕೆಯಲ್ಲಿ ಇಂಚಿಗೆ ಸುಮಾರು 163 ಚುಕ್ಕಿಗಳು, 14 ಇಂಚಿನ ಆ ಪರದೆಯಲ್ಲಿ ಸುಮಾರು 157. ಎರಡೂ ಹೆಚ್ಚುಕಡಿಮೆ ಸಮವಾದ್ದರಿಂದ ಎರಡಕ್ಕೂ 150 ಇಟ್ಟರೆ, ಒಂದು ಪುಟವನ್ನು ಈ ಪರದೆಯಿಂದ ಆ ಪರದೆಗೆ ಎಳೆದಾಗ ಅದು ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಬಲ್ಲವರು ಆರಿಸಿದಂತೆ ನಿಮಗೆ ಜೋಡಿ ಕೂಡಿ ಬಂದಿದೆ. ನನ್ನ 24 ಇಂಚಿನ ಹಳೆಯ ಮಾನಿಟರಿನಲ್ಲಿ ಇಂಚಿಗೆ 92 ಚುಕ್ಕಿಗಳಿದ್ದವು. ಅದರ ಮುಂದೆ ಕುಳಿತು ನಾನು 12 ಪಾಯಿಂಟಿನ ತುಂಗಾ ಫಾಂಟಿನ ಅಕ್ಷರಗಳಲ್ಲಿ ಥಕಾರದ ಚುಕ್ಕಿ ಹುಡುಕುತ್ತಿದ್ದ ದಿನಗಳನ್ನು ನೆನೆದರೆ ಈಗಲೂ ಕಣ್ಣು ಉರಿಯುತ್ತದೆ.

ಒಂದು ಎಚ್ಚರಿಕೆ. ಅಚ್ಚುಕೂಟಗಳಲ್ಲಿ ಇನ್ನೂ ಓಡುತ್ತಿರುವ ಹಳೆಯ ಪುಟವಿನ್ಯಾಸ ತಂತ್ರಾಂಶಗಳಿಗೆ ಈ ಸ್ಕೇಲಿಂಗ್ ಎಂಬುದು ಗೊತ್ತಿರುವುದಿಲ್ಲ. ವಿಂಡೋಸ್ ಅವುಗಳ ಚಿತ್ರವನ್ನು ಹಿಗ್ಗಿಸಿ ತೋರಿಸುವುದರಿಂದ ಉಳಿದೆಲ್ಲ ಸ್ಪಷ್ಟವಾಗಿದ್ದು ಅದೊಂದು ಮಾತ್ರ ಮಸುಕಾಗಿರುತ್ತದೆ. ಆ ತಂತ್ರಾಂಶದ ಐಕಾನಿನ ಮೇಲೆ ಬಲಗುಂಡಿ ಒತ್ತಿ, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ, ಹೈ ಡಿಪಿಐ ಸೆಟ್ಟಿಂಗ್ಸ್ ಎಂದು ಹೋಗಿ, ಹಿಗ್ಗಿಸುವ ಕೆಲಸವನ್ನು 'ಅಪ್ಲಿಕೇಶನ್' ವಶಕ್ಕೆ ಕೊಟ್ಟರೆ ಪುಟ ಸ್ಪಷ್ಟವಾಗುತ್ತದೆ. ಮೆನುಗಳ ಅಕ್ಷರಗಳು ಮಾತ್ರ ಚಿಕ್ಕದಾಗಿ ಉಳಿಯುತ್ತವೆ. ಮೆನುಗಳು ನಮಗೆ ಬಾಯಿಪಾಠವಾದ್ದರಿಂದ ನಾನು ಅದನ್ನೇ ಆರಿಸಿಕೊಂಡಿದ್ದೇನೆ. ಇದಾದ ಮೇಲೆ ಸ್ಟಾರ್ಟ್ ಮೆನುವಿನಲ್ಲಿ 'ಕ್ಲಿಯರ್‌ಟೈಪ್' ಎಂದು ಹುಡುಕಿ, ಅದು ತೋರಿಸುವ ಮಾದರಿಗಳಲ್ಲಿ ನಿಮ್ಮ ಕಣ್ಣಿಗೆ ಒಪ್ಪಿದ್ದನ್ನು ಆರಿಸುತ್ತ ಹೋಗಿ. ಹೊಸ ಮಾನಿಟರು ಬಂದಾಗಲೆಲ್ಲ ಇದನ್ನು ಮತ್ತೆ ಮಾಡಬೇಕು.

ಕಪ್ಪು ಬೂದಿಯಾಗುವುದಕ್ಕೆ ಕಾರಣ ಬೇರೆ. 3840×2160 ಎಂಬುದು ಟಿವಿಗಳ ಗಾತ್ರವೂ ಹೌದು. ಎಚ್‌ಡಿಎಂಐಯಲ್ಲಿ ಆ ಗಾತ್ರ ಕಂಡೊಡನೆ ಲ್ಯಾಪ್‌ಟಾಪು ತನ್ನೆದುರು ಟಿವಿ ಇದೆ ಎಂದು ಭಾವಿಸಿ, 0ಯಿಂದ 255ರವರೆಗಿನ ಪೂರ್ಣ ಬಣ್ಣಗಳ ಬದಲು 16ರಿಂದ 235ರವರೆಗಿನ ಟಿವಿ ಬಣ್ಣಗಳನ್ನು ಕಳುಹಿಸುವುದುಂಟು. ಮಾನಿಟರಿಗೆ 16 ಎಂದರೆ ಕಪ್ಪಲ್ಲ, ಬೂದಿ. ನೀವು 2560ಕ್ಕೆ ಇಳಿಸಿದಾಗ ಕಪ್ಪು ಮರಳಿ ಬರುವುದಕ್ಕೂ ಇದೇ ಕಾರಣ, ಅದು ಟಿವಿಯ ಗಾತ್ರವಲ್ಲ. ಡಿಸ್‌ಪ್ಲೇಪೋರ್ಟಿಗೆ ಬದಲಾದರೆ ಈ ತೊಂದರೆ ತಾನಾಗಿ ಹೋಗುವ ಸಂಭವ ಹೆಚ್ಚು. ಹೋಗದಿದ್ದರೆ ಗ್ರಾಫಿಕ್ಸ್ ತಂತ್ರಾಂಶದಲ್ಲಿ ಬಣ್ಣದ ವ್ಯಾಪ್ತಿಯನ್ನು 'ಫುಲ್' ಎಂದು ಬದಲಿಸಿ. ಮಾನಿಟರಿನ ಗುಂಡಿಗಳಲ್ಲಿರುವ 'ಶಾರ್ಪ್‌ನೆಸ್' ಅನ್ನು ಏರಿಸುವ ಆಸೆಗೆ ಮಾತ್ರ ಬೀಳಬೇಡಿ. ಅದು ಅಕ್ಷರದ ಸುತ್ತ ಬಿಳಿಯ ಅಂಚು ಕಟ್ಟುತ್ತದೆಯೇ ಹೊರತು ಸ್ಪಷ್ಟತೆ ತರುವುದಿಲ್ಲ.

ಕನ್ನಡಕದ ಬಗ್ಗೆ ಹೇಳಿದ್ದೀರಿ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕಿರಬೇಕು ಎಂದು ಎಲ್ಲರೂ ಹೇಳುತ್ತಾರೆ. ಪ್ರೊಗ್ರೆಸಿವ್ ಹಾಕುವವರಿಗೆ ಆ ಎತ್ತರ ಶಿಕ್ಷೆ. ಓದುವ ಭಾಗ ಗಾಜಿನ ಕೆಳಗಡೆ ಇರುವುದರಿಂದ ನೀವು ಗಲ್ಲ ಮೇಲೆತ್ತಿ ನೋಡುತ್ತ ಹೋಗುತ್ತೀರಿ, ಸಂಜೆಗೆ ಕುತ್ತಿಗೆ ಹಿಡಿಯುತ್ತದೆ. ಮಾನಿಟರನ್ನು ಅದರ ಕಾಲಿನಲ್ಲಿ ಸಾಧ್ಯವಾದಷ್ಟು ಕೆಳಗಿಳಿಸಿ, ಸ್ವಲ್ಪ ಹಿಂದಕ್ಕೆ ವಾಲಿಸಿ, ಒಂದು ತೋಳಿನಷ್ಟು ದೂರದಲ್ಲಿಡಿ. ಚಾವಡಿಯ ಬಾಗಿಲಿನ ಬೆಳಕು ಪರದೆಯ ಹಿಂದಿನಿಂದಲೋ ನಿಮ್ಮ ಬೆನ್ನ ಹಿಂದಿನಿಂದಲೋ ಬಾರದೆ ಪಕ್ಕದಿಂದ ಬರುವಂತೆ ಮೇಜನ್ನು ತಿರುಗಿಸಿಕೊಳ್ಳಿ.

ಸುರತ್ಕಲ್ ವೈರ್‌ಮನ್

ಚಿತ್ರದ ವಿಷಯವನ್ನು ಬಲ್ಲವರು ಹೇಳಿದ್ದಾರೆ. ಕೈ ಜುಮ್ಮೆನ್ನುವುದನ್ನು ಯಾರೂ ಮುಟ್ಟಿಲ್ಲ, ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆಯಾಗಿರುವುದು ಅದೇ.

ಎರಡು ಪಿನ್ನಿನ ಚಾರ್ಜರು ಹಾಕಿದ ಲೋಹದ ಲ್ಯಾಪ್‌ಟಾಪು ಬರಿಗಾಲಿನವರಿಗೆ ಸ್ವಲ್ಪ ಜುಮ್ಮೆನ್ನಿಸುವುದು ಸಾಮಾನ್ಯ. ಚಾರ್ಜರಿನೊಳಗಿನ ಒಂದು ಸಣ್ಣ ಕೆಪಾಸಿಟರಿನ ಮೂಲಕ ಅತ್ಯಲ್ಪ ಕರೆಂಟು ಸೋರುತ್ತದೆ, ಅದರಿಂದ ಜೀವಕ್ಕೆ ಅಪಾಯವಿಲ್ಲ. ಆದರೆ ನಿಮ್ಮ ಮಾನಿಟರಿನ ವೈರಿಗೆ ಮೂರು ಪಿನ್ನು ಇದ್ದರೆ, ಅದನ್ನು ಲ್ಯಾಪ್‌ಟಾಪಿಗೆ ಜೋಡಿಸಿದೊಡನೆ ಕೇಬಲ್ಲಿನ ಹೊರಕವಚದ ಮೂಲಕ ಆ ಸೋರಿಕೆ ಅರ್ತಿಗೆ, ಅಂದರೆ ನೆಲಕ್ಕೆ ಹೋಗುವ ವೈರಿಗೆ, ಇಳಿದು ಜುಮ್ಮೆನ್ನುವುದು ನಿಲ್ಲಬೇಕಿತ್ತು. ನಿಂತಿಲ್ಲ ಎಂದರೆ ನಿಮ್ಮ ಸಾಕೆಟ್ಟಿನ ಮೂರನೆಯ ತೂತಿನ ಹಿಂದೆ ಅರ್ತ್ ಇಲ್ಲ, ಅಥವಾ ಹೆಸರಿಗೆ ಮಾತ್ರ ಇದೆ. ಇದು ಮಾನಿಟರಿನ ಪ್ರಶ್ನೆಯಲ್ಲ. ಅದೇ ಅರ್ತನ್ನು ನಂಬಿ ನಿಮ್ಮ ಮನೆಯ ಗ್ರೈಂಡರು, ಗೀಸರು, ಬಾವಿಯ ಪಂಪು ಎಲ್ಲವೂ ನಡೆಯುತ್ತಿವೆ.

ನಮ್ಮ ಕರಾವಳಿಯ ಹಳೆಯ ಮನೆಗಳಲ್ಲಿ ನಾನು ಮತ್ತೆ ಮತ್ತೆ ಕಾಣುವುದು ಎರಡು ಕಾರಣಗಳನ್ನು. ಉಪ್ಪುಗಾಳಿಗೆ ಅರ್ತ್ ಪೈಪಿನ ಮೇಲಿನ ಕ್ಲ್ಯಾಂಪು ತುಕ್ಕು ಹಿಡಿದು, ವೈರು ಹಿಡಿದಂತೆ ಕಂಡರೂ ಒಳಗೆ ಕಡಿದುಹೋಗಿರುತ್ತದೆ. ಇನ್ನೊಂದು, ಮುರಕಲ್ಲಿನ (ಜಂಬಿಟ್ಟಿಗೆಯ) ನೆಲ. ಮಳೆಗಾಲದಲ್ಲಿ ಅದು ನೀರು ಕುಡಿದು ಚೆನ್ನಾಗಿರುತ್ತದೆ, ಏಪ್ರಿಲ್ ಹೊತ್ತಿಗೆ ಒಣಗಿ ಇಟ್ಟಿಗೆಯಂತಾಗಿ ಅರ್ತಿನ ತಡೆ ವಿಪರೀತ ಏರುತ್ತದೆ. ಆದ್ದರಿಂದಲೇ ಅರ್ತ್ ಪೈಪು ಹೂತ ಗುಂಡಿಯೊಳಗೆ ಇದ್ದಿಲು ಮತ್ತು ಉಪ್ಪು ತುಂಬಿಸಿ, ಬೇಸಗೆಯಲ್ಲಿ ನೀರು ಹೊಯ್ಯುವ ಪದ್ಧತಿ ಇರುವುದು. ಗೊತ್ತಿರುವ ಎಲೆಕ್ಟ್ರಿಶಿಯನ್ ಒಬ್ಬರನ್ನು ಕರೆಸಿ, ಸಾಕೆಟ್ಟಿನಲ್ಲಿ ಫೇಸಿಗೂ ಅರ್ತಿಗೂ ನಡುವೆ ಭಾರ (ಲೋಡ್) ಕೊಟ್ಟು ಪರೀಕ್ಷಿಸಲು ಹೇಳಿ. ಬರೇ ಮೀಟರು ಹಿಡಿದರೆ ಕೆಟ್ಟ ಅರ್ತೂ ಒಳ್ಳೆಯದರಂತೆ ಕಾಣುವುದುಂಟು. ದಯವಿಟ್ಟು ನೀವೇ ಕೈಹಾಕಬೇಡಿ.

ಇನ್ವರ್ಟರು ಇದ್ದರೆ ಅದರ ಮೈಮೇಲೆ 'ಯುಪಿಎಸ್' ಎಂದು ಬರೆದ ಸ್ವಿಚ್ಚು ಇದೆಯೇ ನೋಡಿ. ಸಾಮಾನ್ಯ ಸ್ಥಿತಿಯಲ್ಲಿಟ್ಟರೆ ಕರೆಂಟು ಹೋದಾಗ ಬದಲಾಗುವ ಆ ಕ್ಷಣದಲ್ಲಿ ಮಾನಿಟರು ಆರಿ ಹತ್ತುತ್ತದೆ, ಲ್ಯಾಪ್‌ಟಾಪಿಗೆ ಬ್ಯಾಟರಿ ಇರುವುದರಿಂದ ಅದು ಹಾಗೆಯೇ ಉಳಿಯುತ್ತದೆ. ಯುಪಿಎಸ್ ಸ್ಥಿತಿಯಲ್ಲಿ ಬದಲಾವಣೆ ಬೇಗ ಆಗುವ ಕಾರಣ ಮಾನಿಟರಿಗೆ ಅದು ತಿಳಿಯುವುದೇ ಇಲ್ಲ.

ಸಿಡಿಲಿನ ವಿಷಯ ಗೊತ್ತಿದ್ದದ್ದೇ ಆದರೂ ಹೇಳುತ್ತೇನೆ. ಮಳೆಗಾಲ ಹಿಡಿಯುವ ಮುಂಚಿನ ಸಂಜೆಗಳಲ್ಲೂ, ಮಳೆ ಹಿಂದಿರುಗುವ ಅಕ್ಟೋಬರಿನಲ್ಲೂ ಗುಡುಗು ಕೇಳಿಸಿದೊಡನೆ ಸ್ವಿಚ್ಚು ಆರಿಸಿದರೆ ಸಾಲದು, ಪಿನ್ನನ್ನೇ ಕೀಳಬೇಕು. ಇಂಟರ್ನೆಟ್ಟಿನ ಫೈಬರು ಗಾಜಾದ್ದರಿಂದ ಸಿಡಿಲನ್ನು ತರುವುದಿಲ್ಲ, ಆದರೆ ಆ ಪೆಟ್ಟಿಗೆಯ ಅಡಾಪ್ಟರೂ ಅದರಿಂದ ಲ್ಯಾಪ್‌ಟಾಪಿಗೆ ಬರುವ ತಾಮ್ರದ ಲ್ಯಾನ್ ವೈರೂ ತರುತ್ತವೆ. ಅವನ್ನೂ ಬಿಡಿಸಿಡಿ.

ಕರಡು ತಿದ್ದುವವ, ಉಡುಪಿ

ಮೂವರಿಗೂ ಕೃತಜ್ಞತೆಗಳು. ಮಾನಿಟರು ಮನೆಯಲ್ಲೇ ಉಳಿಯಿತು.

ಅಡ್ವಾನ್ಸ್ಡ್ ಡಿಸ್‌ಪ್ಲೇಯಲ್ಲಿ 3840×2160, 30 ಹರ್ಟ್ಸ್ ಎಂದೇ ಇತ್ತು. ಮಣಿಪಾಲದವರು ಪಂಥ ಗೆದ್ದಿದ್ದಾರೆ. ಹಬ್ಬನ್ನು ಹಾಗೆಯೇ ಇಟ್ಟು ಮೊದಲು ಗೆಳೆಯರೊಬ್ಬರ ಹೊಸ ಎಚ್‌ಡಿಎಂಐ ಕೇಬಲ್ಲು ಹಾಕಿ ನೋಡಿದೆ, 30 ಕದಲಲಿಲ್ಲ. ಮರುದಿನ ಟೈಪ್‌-ಸಿಯಿಂದ ಡಿಸ್‌ಪ್ಲೇಪೋರ್ಟಿಗೆ ಹೋಗುವ ಕೇಬಲ್ಲು ತಂದು ನೇರವಾಗಿ ಚುಚ್ಚಿದಾಗ 60 ಬಂತು, ಕಪ್ಪು ಬಣ್ಣವೂ ತಾನಾಗಿ ಮರಳಿತು. ಲ್ಯಾಪ್‌ಟಾಪು 1920×1080ರದ್ದೇ. ಎರಡಕ್ಕೂ 150 ಪ್ರತಿಶತ ಇಟ್ಟ ಮೇಲೆ ಮೊದಲು ತೆರೆದದ್ದು ಆ ಭಾಮಿನಿಯ ಪುಟವನ್ನೇ. 'ರಥ'ದ ಚುಕ್ಕಿ ಕುಂಕುಮ ಇಟ್ಟಂತೆ ಕಾಣುತ್ತಿದೆ. ಮಾನಿಟರನ್ನು ಕೆಳಗಿಳಿಸಿದ ಮೇಲೆ ಕುತ್ತಿಗೆಯೂ ಹಗುರಾಗಿದೆ.

ಅರ್ತಿನ ವಿಷಯದಲ್ಲಿ ನಿಮ್ಮ ಊಹೆ ಅಕ್ಷರಶಃ ನಿಜವಾಯಿತು. ತುಳಸಿಕಟ್ಟೆಯ ಹಿಂದಿನ ಗುಂಡಿಯ ಮುಚ್ಚಳ ತೆಗೆದಾಗ ಕ್ಲ್ಯಾಂಪು ಎಲೆಕ್ಟ್ರಿಶಿಯನ್ನರ ಕೈಯಲ್ಲೇ ಪುಡಿಯಾಯಿತು. ಹೊಸ ಕ್ಲ್ಯಾಂಪು, ಹೊಸ ವೈರು ಹಾಕಿ ಅವರು ಹೋದ ಮೇಲೆ ಲ್ಯಾಪ್‌ಟಾಪಿನ ಅಂಚನ್ನು ಬರಿಗಾಲಿನಲ್ಲೇ ನಿಂತು ಮುಟ್ಟಿ ನೋಡಿದೆ, ಏನೂ ಇಲ್ಲ. ಈ ಕೆಲಸಕ್ಕೆ ಒಂದು ಮಾನಿಟರು ಬರಬೇಕಾಯಿತಲ್ಲ ಎಂದು ಮನೆಯಾಕೆಯ ಮಾತು.

ಉಳಿದಿರುವುದು ಒಂದು ಕಿರಿಕಿರಿ. ಊಟಕ್ಕೆ ಏಳುವಾಗ ಮಾನಿಟರಿನ ಗುಂಡಿ ಒತ್ತಿ ಆರಿಸುತ್ತೇನೆ. ಬಂದು ನೋಡಿದರೆ ತೆರೆದಿಟ್ಟ ಪುಟಗಳೆಲ್ಲ ಲ್ಯಾಪ್‌ಟಾಪಿನ ಪರದೆಗೆ ಹೋಗಿ ಒಂದರ ಮೇಲೊಂದು ಬಿದ್ದಿರುತ್ತವೆ. ಎಚ್‌ಡಿಎಂಐ ಇದ್ದಾಗ ಹೀಗಾಗುತ್ತಿರಲಿಲ್ಲ.

ಮಣಿಪಾಲದ ಗುಡ್ಡೆಯಿಂದ

ಡಿಸ್‌ಪ್ಲೇಪೋರ್ಟಿನ ಸ್ವಭಾವವೇ ಹಾಗೆ. ಗುಂಡಿ ಒತ್ತಿ ಆರಿಸಿದರೆ ಅನೇಕ ಮಾನಿಟರುಗಳು ಕೇಬಲ್ಲು ಕಿತ್ತಂತೆಯೇ ಸಂಕೇತ ಕೊಡುತ್ತವೆ, ಆಗ ವಿಂಡೋಸ್ ಅಲ್ಲಿದ್ದ ಪುಟಗಳನ್ನು ಇರುವ ಪರದೆಗೆ ಸ್ಥಳಾಂತರಿಸುತ್ತದೆ. ವಿಂಡೋಸ್ 11ರ ಡಿಸ್‌ಪ್ಲೇ ಪುಟದಲ್ಲಿ 'ಮಲ್ಟಿಪಲ್ ಡಿಸ್‌ಪ್ಲೇಸ್' ಎಂಬುದನ್ನು ತೆರೆದರೆ, ಮಾನಿಟರಿನ ಸಂಪರ್ಕಕ್ಕೆ ತಕ್ಕಂತೆ ಕಿಟಕಿಗಳ ಸ್ಥಾನವನ್ನು ನೆನಪಿಡುವ ಆಯ್ಕೆಯೊಂದಿದೆ. ಅದಕ್ಕೆ ಗುರುತು ಹಾಕಿ. ಮಾನಿಟರು ಹೊತ್ತಿದ ಮೇಲೆ ಪುಟಗಳು ತಮ್ಮ ಜಾಗಕ್ಕೆ ಮರಳುತ್ತವೆ. ಊಟಕ್ಕೆ ಹೋಗುವಾಗ ಗುಂಡಿ ಒತ್ತುವುದರ ಬದಲು ವಿಂಡೋಸ್ ಕೀ ಮತ್ತು ಎಲ್ ಒತ್ತಿ ಬೀಗ ಹಾಕಿ ಹೋಗಿ, ಸ್ವಲ್ಪ ಹೊತ್ತಿನಲ್ಲಿ ಮಾನಿಟರು ತಾನೇ ಕಣ್ಣು ಮುಚ್ಚುತ್ತದೆ. ಆಗಲೂ ಪುಟಗಳು ಜಾಗ ಬಿಟ್ಟರೆ ಮಾನಿಟರಿನ ಸ್ವಂತ ಮೆನುವಿನಲ್ಲಿ 'ಡೀಪ್ ಸ್ಲೀಪ್' ಎಂಬ ಹೆಸರಿನ ಆಯ್ಕೆ ಇದೆಯೇ ನೋಡಿ, ಇದ್ದರೆ ಅದನ್ನು ಆಫ್ ಮಾಡಿಬಿಡಿ.